ಆಚೆ ದಡದಲ್ಲಿ ಯಾರೂ ಇಲ್ಲ

ಟಿ.ವಿ.ಯಲ್ಲಿ ಕೂತು ಗಂಟಲು ಹರಿದುಕೊಳ್ಳುವ ದೊಡ್ಡವರ ಮುಖ ಅಷ್ಟು ನುಣ್ಣಗೆ ಕಾಣುತ್ತದಲ್ಲ, ಅದು ಅವರು ಹುಟ್ಟುತ್ತಾ ತಂದದ್ದು ಅಂದುಕೊಂಡಿದ್ದರೆ ಆ ಭ್ರಮೆ ಇವತ್ತೇ ಬಿಟ್ಟುಬಿಡಿ. ಅದು ಪೌಡರಕ್ಕನ ಕೈಗುಣ. ಚಾನೆಲ್ಲಿನ ಎರಡನೇ ಮಹಡಿಯಲ್ಲಿ ಸ್ಟುಡಿಯೋಗೆ ಅಂಟಿಕೊಂಡು ಕಿಟಕಿಯಿಲ್ಲದ ಒಂದು ಕೋಣೆ. ಉದ್ದನೆಯ ಕನ್ನಡಿ, ಸುತ್ತ ಬಲ್ಬುಗಳು, ಅದರಲ್ಲಿ ಮೂರು ಉರಿದದ್ದನ್ನು ಕಂಡವರೇ ಇಲ್ಲ. ಎರಡು ತಿರುಗುವ ಕುರ್ಚಿ. ಮಂತ್ರಿಯಾಗಲಿ ಮಾಜಿಯಾಗಲಿ, ಆ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿ ಕಣ್ಣು ಮುಚ್ಚಲೇಬೇಕು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಪೌಡರಕ್ಕ.

ಅವಳಿಗೂ ಒಂದು ಕಥೆ ಇದೆ, ಯಾರೂ ಕೇಳಿಲ್ಲ ಅಷ್ಟೆ. ಅಪ್ಪ ತೀರಿಹೋದಾಗ ತಮ್ಮ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಮ್ಮ ನೂಲಿನ ಗಿರಣಿಗೆ ಹೋದಳು, ಮಗು ಇವಳ ಸೊಂಟಕ್ಕೆ ಬಂತು. ಶಾಲೆ ಬಿಟ್ಟು ಬ್ಯೂಟಿ ಪಾರ್ಲರ್ ಸೇರಿದಾಗ ಕೆಲಸ ಕಲಿಯಲು ಬಿಟ್ಟಿ ಮುಖ ಯಾರು ಕೊಡುತ್ತಾರೆ? ತಮ್ಮನೇ ಕೊಟ್ಟ. ಒಂದು ದಿನ ಮದುಮಗಳಾದ, ಇನ್ನೊಂದು ದಿನ ಬಿಳಿ ಹುಬ್ಬಿನ ಮುದುಕನಾದ. ಹಾಗೇ ಬೀದಿಗೆ ಆಡಲು ಓಡಿಹೋಗಿ ನಗೆಪಾಟಲಾದ. ಇವಳಿಗೆ ಬಂದ ಸಂಬಂಧಗಳೆಲ್ಲ ಆ ಹುಡುಗನನ್ನು ನೋಡಿ ಬಂದ ದಾರಿಯಲ್ಲೇ ವಾಪಸ್ಸು ಹೋದವು. ಅವಳು ಕಣ್ಣೀರು ಹಾಕಲಿಲ್ಲ ಅಂದರೆ ಸುಳ್ಳಾಗುತ್ತದೆ, ಹಾಕಿದಳು, ಆದರೆ ಮೂಗು ಒರೆಸಿಕೊಂಡು ಅವನಿಗೆ ಊಟಕ್ಕಿಟ್ಟಳು. ಅವನು ಬೆಳೆದು ಆಳೆತ್ತರವಾಗಿ, ಪರೀಕ್ಷೆಗಳಲ್ಲೆಲ್ಲ ಡುಮ್ಕಿ ಹೊಡೆದು, ಕೊನೆಗೆ ಸೈನ್ಯ ಸೇರಿದ. ಯೂನಿಫಾರ್ಮ್ ಹಾಕಿಕೊಂಡು ಮನೆಗೆ ಬಂದ ದಿನ ಅಮ್ಮ ಅವನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಆಮೇಲೆ ಯುದ್ಧ ಬಂತು. ಯುದ್ಧದ ಹಿಂದೆಯೇ ಅದರ ಮೇಲಿನ ಚರ್ಚೆ ಬಂತು. ಗುಂಡು ಹಾರಿಸುವವರಾದರೂ ನಡುವೆ ಸುಸ್ತಾಗಿ ಕೂರುತ್ತಾರೇನೋ, ಈ ಚರ್ಚೆಯವರಿಗೆ ಸುಸ್ತು ಅನ್ನುವುದೇ ಇಲ್ಲ.

ಸರ್ಕಾರ ಹೂಡಿದ ತಂತ್ರಕ್ಕೆ 'ಬಲೆ' ಅಂತ ಹೆಸರು. ವಿಷಯ ಇಷ್ಟೆ: ನದಿಯ ಆಚೆ ದಡದ ಪಟ್ಟಣವನ್ನು ಬೇಕಂತಲೇ ಬಿಟ್ಟುಬರುವುದು. ಶತ್ರುವಿನ ಸೈನ್ಯ ಖುಷಿಯಾಗಿ ಅದರೊಳಗೆ ನುಗ್ಗುತ್ತದೆ. ನಮ್ಮವರು ಈಚೆ ದಾಟಿ ಸೇತುವೆ ಉಡಾಯಿಸುತ್ತಾರೆ. ಆಮೇಲೆ ಬಲೆಯಲ್ಲಿ ಬಿದ್ದವರ ಮೇಲೆ ಮೇಲಿಂದ ಬಾಂಬು. ಸೇತುವೆ ಉಡಾಯಿಸುವವರೆಗೆ ಎಲ್ಲ ಆಗಿತ್ತು. ಬಾಂಬು ಮಾತ್ರ ಬಿದ್ದಿರಲಿಲ್ಲ.

ಬಲೆ ಗೆದ್ದಿದೆಯೋ ಸೋತಿದೆಯೋ ಅನ್ನುವುದರ ಮೇಲೆ ದಿನಾ ಸಂಜೆ ಇಬ್ಬರ ಜಗಳ. ಆಳುವ ಪಕ್ಷದ ವಕ್ತಾರ ದೀಪದ ಕೆಳಗೆ ಕೂತರೆ ಸಾಕು, ಕತ್ತಿನವರೆಗೆ ನೀರಿಳಿಯುತ್ತದೆ. ಅದಕ್ಕೇ ಪೌಡರಕ್ಕ ಮನಸ್ಸಿನಲ್ಲೇ ಅವನಿಗೆ ಬೆವರಪ್ಪ ಅಂತ ಹೆಸರಿಟ್ಟಿದ್ದಳು. ವಿರೋಧ ಪಕ್ಷದವರು ಒಂದು ಕಾಲದಲ್ಲಿ ಕಾಲೇಜಿನಲ್ಲಿ ಪಾಠ ಹೇಳಿದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಅವರ ಬೋಳು ತಲೆಗೆ ಮುಖಕ್ಕಿಂತ ಎರಡು ಪಟ್ಟು ಪೌಡರು ಬೇಕು, ಇಲ್ಲದಿದ್ದರೆ ಕ್ಯಾಮೆರಾದವನು ಬೈಯುತ್ತಾನೆ. ಬೆವರಪ್ಪ "ಬಲೆ ಗೆದ್ದಿದೆ" ಅನ್ನುತ್ತಿದ್ದ. ಮೇಷ್ಟ್ರು "ಗೆದ್ದಿದ್ದರೆ ಬಲೆಯಲ್ಲಿರೋ ಮೀನಿಗೆ ಯಾಕೆ ಇನ್ನೂ ಕೈ ಹಾಕಿಲ್ಲ? ನಿಮಗೆ ಧೈರ್ಯ ಇಲ್ಲ, ಬಲೆ ಹರಿದುಹೋಗಿದೆ" ಅನ್ನುತ್ತಿದ್ದರು. ತೆರೆಯ ಮೇಲೆ ಹಾವು ಮುಂಗುಸಿ. ಜಾಹೀರಾತು ಬಂದ ಕೂಡಲೇ ಒಬ್ಬರ ಸಕ್ಕರೆ ಕಾಯಿಲೆ ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಪೌಡರಕ್ಕ ಇದನ್ನೆಲ್ಲ ನೋಡಿ ನೋಡಿ ನಗುವುದನ್ನೂ ಬಿಟ್ಟಿದ್ದಳು.

ಈಗಂತೂ ನಗು ದೂರದ ಮಾತು. ಸೇತುವೆ ಹಾರಿಹೋಗುವ ಮುಂಚೆ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ನಮ್ಮ ತುಕಡಿ ಸೇತುವೆಯ ಆಚೆ ತುದಿ ಕಾಯ್ತಿದೆ. ಎಲ್ಲರೂ ದಾಟಿದ ಮೇಲೆ ಕೊನೆಗೆ ನಾವು ದಾಟೋದು. ಅಮ್ಮನಿಗೆ ಹೇಳಬೇಡ." ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಹೇಳಿದಳು. ಅವತ್ತಿನಿಂದ ಫೋನ್ ಇಲ್ಲ, ಅಮ್ಮನಿಗೆ ಊಟ ಇಲ್ಲ. ಸೈನ್ಯದ ಸಹಾಯವಾಣಿಗೆ ಕರೆ ಮಾಡಿದರೆ, ನಿಮ್ಮ ಕರೆ ನಮಗೆ ಮುಖ್ಯ ಅಂತ ಒಂದು ಹೆಣ್ಣು ದನಿ ಹೇಳಿ ಸಂಗೀತ ಹಾಕುತ್ತಿತ್ತು. ಅಮ್ಮ ಗೋಡೆಗೊರಗಿ ಕೂತು, "ದಾಟಿದ್ನೋ ಇಲ್ವೋ, ಅಷ್ಟು ತಿಳಿದ್ರೆ ಸಾಕು ಕಣೇ" ಅನ್ನುತ್ತಿದ್ದಳು. ಅದೊಂದೇ ಮಾತು, ಬೆಳಗಿನಿಂದ ಸಂಜೆಯವರೆಗೆ.

ಕುರ್ಚಿಯಲ್ಲಿ ಕೂತವರ ಮುಂದೆ ಮನೆಯ ವಿಷಯ ಎತ್ತಬಾರದು ಅಂತ ಪಾರ್ಲರಿನ ಒಡತಿ ಕಲಿಸಿದ ಪಾಠ. ಪೌಡರಕ್ಕ ಅದನ್ನು ಯಾವತ್ತೂ ಮುರಿದವಳಲ್ಲ. ಅವತ್ತೂ ಪೂರ್ತಿ ಮುರಿಯಲಿಲ್ಲ. ಬೆವರಪ್ಪನ ಹಣೆಗೆ ಸ್ಪಂಜು ಒತ್ತುತ್ತಾ, ಸುಮ್ಮನೆ ಹವಾಮಾನ ಕೇಳುವವಳ ಹಾಗೆ ಕೇಳಿದಳು.

"ಸಾರ್, ಆಚೆ ದಡದಲ್ಲಿ ನಮ್ಮವರು ಯಾರಾದ್ರೂ ಇದಾರಾ?"

ಅವನು ಕಣ್ಣು ಬಿಡಲಿಲ್ಲ. "ಯಾರೂ ಇಲ್ಲಮ್ಮ. ಒಬ್ಬರೂ ಇಲ್ಲ. ಮೇಲಿಂದಲೇ ತಿಳಿಸಿದಾರೆ. ನೀವು ಚಿಂತೆ ಮಾಡಬೇಡಿ."

ಹೋದ ಜೀವ ಬಂದ ಹಾಗಾಯಿತು ಅವಳಿಗೆ. ಆಚೆ ಇಲ್ಲ ಅಂದರೆ ಈಚೆ ಬಂದಿದ್ದಾನೆ, ಇನ್ನೇನು? ಫೋನ್ ಕಿತ್ತಿಟ್ಟುಕೊಂಡಿರಬೇಕು, ಯುದ್ಧದಲ್ಲಿ ಹಾಗೆ ಮಾಡುತ್ತಾರಂತೆ. ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿದಳು. "ಅಮ್ಮಾ, ಆಚೆ ನಮ್ಮವರು ಒಬ್ಬರೂ ಇಲ್ವಂತೆ. ಸರ್ಕಾರದವರೇ ಹೇಳಿದ್ರು. ಎಲ್ಲರೂ ದಾಟಿದಾರೆ." ಕೊನೆಯ ಮಾತು ಬೆವರಪ್ಪನದಲ್ಲ, ಇವಳೇ ಸೇರಿಸಿದ್ದು. ಸೇರಿಸಿದ್ದು ಅವಳಿಗೇ ಗೊತ್ತಾಗಲಿಲ್ಲ. ಆ ಕಡೆ ಅಮ್ಮ ಅಳುವುದು, ನಗುವುದು, ಪಕ್ಕದ ಮನೆಯವಳನ್ನು ಕೂಗಿ ಕರೆಯುವುದು ಎಲ್ಲ ಒಟ್ಟಿಗೇ ಕೇಳಿಸಿತು. ಅವತ್ತು ಅಮ್ಮ ತಟ್ಟೆ ಖಾಲಿ ಮಾಡಿ ಇನ್ನಷ್ಟು ಕೇಳಿ ಹಾಕಿಸಿಕೊಂಡಳು.

ಮರುದಿನದ ಚರ್ಚೆಯಲ್ಲಿ ಬೆವರಪ್ಪ ಅದೇ ಮಾತನ್ನು ಕ್ಯಾಮೆರಾ ಮುಂದೆ ಹೇಳಿದ. "ಆಚೆ ದಡದಲ್ಲಿ ನಮ್ಮವರು ಯಾರೂ ಇಲ್ಲ. ಆದ್ದರಿಂದ ಬಲೆ ಎಳೆಯೋದಕ್ಕೆ ಇನ್ನು ತಡೆ ಇಲ್ಲ."

ಪೌಡರಕ್ಕ ಕ್ಯಾಮೆರಾದ ಹಿಂದೆ, ಕತ್ತಲಲ್ಲಿ, ಸೊಂಟಕ್ಕೆ ಬ್ರಷ್ಷಿನ ಚೀಲ ಕಟ್ಟಿಕೊಂಡು ನಿಂತಿದ್ದಳು. ಮೇಷ್ಟ್ರು ಮೇಜು ಕುಟ್ಟಿದರು. "ಯಾರೂ ಇಲ್ಲ ಅಂದ್ರೆ ಏನರ್ಥ ಸ್ವಾಮಿ? ಸೇತುವೆಯ ಆಚೆ ತುದಿ ಕಾಯ್ತಿದ್ದ ತುಕಡಿ ಈಚೆಗೆ ಬಂದಿದ್ದನ್ನ ಕಂಡವರು ಯಾರು? ಮನೆ ಸೇರಿದವನನ್ನೂ ಇಲ್ಲ ಅಂತೀವಿ, ಮಣ್ಣು ಸೇರಿದವನನ್ನೂ ಇಲ್ಲ ಅಂತೀವಿ. ನಿಮ್ಮದು ಯಾವ ಇಲ್ಲ? ನಾನು ಹೇಳ್ತೀನಿ. ಅವರು ಸತ್ತರು. ನಿಮ್ಮ ಬಲೆ ನಮ್ಮ ಹುಡುಗರನ್ನೇ ನುಂಗಿತು."

ಅಷ್ಟರಲ್ಲಿ ನಿರೂಪಕ ಜಾಹೀರಾತಿಗೆ ಕೈ ತೋರಿಸಿದ. ಜಾಹೀರಾತು ಅಂದರೆ ಪೌಡರಕ್ಕ ಒಳಗೆ ಹೋಗಬೇಕು, ಬೆವರು ಒರೆಸಬೇಕು. ಹೋದಳು. ಕೈ ತನ್ನ ಪಾಡಿಗೆ ಬೆವರಪ್ಪನ ಕುತ್ತಿಗೆಗೆ ಟಿಶ್ಯೂ ಒತ್ತಿತು.

ಬೆವರಪ್ಪ ಮೇಷ್ಟ್ರ ಕಡೆ ಬಗ್ಗಿ ದನಿ ತಗ್ಗಿಸಿದ. ಅವರಿಬ್ಬರ ನಡುವೆ ನಿಂತವಳು ಅವರ ಲೆಕ್ಕದಲ್ಲಿ ಒಂದು ದೀಪದ ಸ್ಟ್ಯಾಂಡು, ಅಷ್ಟೆ.

"ಸತ್ತರು ಅಂತ ಎಲ್ಲಿಂದ ತಂದ್ರಿ ಮೇಷ್ಟ್ರೇ? ಹಾಗೇನಿಲ್ಲ. ಇದಾರೆ. ಆ ಪಟ್ಟಣದ ಹಿಟ್ಟಿನ ಗಿರಣಿಯ ನೆಲಮಾಳಿಗೆಯಲ್ಲಿ ಕೂತು ದಿನಾ ವೈರ್‌ಲೆಸ್‌ನಲ್ಲಿ ಕೂಗ್ತಿದಾರೆ. ಕರ್ಕೊಂಡು ಬರೋಕೆ ಸೇತುವೆ ಎಲ್ಲಿದೆ? ಇವತ್ತು ಬಾಂಬ್ ಹಾಕೋದು ಅಂತ ತೀರ್ಮಾನ ಆಗಿದೆ. ಇದಾರೆ ಅಂತ ಹೊರಗೆ ಗೊತ್ತಾದ್ರೆ ಜನ ಹಾಕೋಕೆ ಬಿಡ್ತಾರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಾಂಬ್ ಹಾಕಿ, ಯಾಕೆ ಹಾಕಲಿಲ್ಲ ಅಂತ ಇಷ್ಟು ದಿನ ಕೂಗಿದ್ದು ಅವರ ಪಕ್ಷವೇ ತಾನೆ. "ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ" ಅಂದರು.

"ನನ್ನ ತಮ್ಮ ಅಲ್ಲಿದಾನೆ" ಅಂದಳು ಪೌಡರಕ್ಕ.

ಇಬ್ಬರೂ ತಲೆ ಎತ್ತಿ ನೋಡಿದರು. ಮೇಕಪ್ ಕೋಣೆಯಲ್ಲಿ ಅಷ್ಟು ವರ್ಷ ಅವಳ ಕೈಗೆ ಮುಖ ಕೊಟ್ಟವರು ಅವಳ ಮುಖ ನೋಡಿದ್ದು ಅದೇ ಮೊದಲೋ ಏನೋ.

"ಸಾರ್, ಆ ತುಕಡಿಯಲ್ಲೇ ಇರೋದು ಅವನು. ನಾನೇ ಸಾಕಿದ್ದು. ನಿಮ್ಮ ಕಾಲಿಗೆ ಬೀಳ್ತೀನಿ, ಇದಾರೆ ಅಂತ ಒಂದು ಮಾತು ಹೇಳಿಬಿಡಿ. ಯಾರಾದ್ರೂ ಒಬ್ಬರು ಹೇಳಿ. ಬಲೆ ಗೆಲ್ಲಲಿ, ಸೋಲಲಿ, ಏನಾದ್ರೂ ಆಗ್ಲಿ. ಇದಾರೆ ಅಂತ ಹೇಳಿದ್ರೆ ಸಾಕು."

"ಮೊದಲೇ ಹೇಳಬಾರದಿತ್ತೇನಮ್ಮ" ಅಂದ ಬೆವರಪ್ಪ. ಮೊದಲೇ ಹೇಳಿದ್ದರೆ ಏನು ಕಡಿದು ಗುಡ್ಡೆ ಹಾಕುತ್ತಿದ್ದನೋ ಅವನಿಗೇ ಗೊತ್ತು. ಮೇಷ್ಟ್ರು ಮುಂದಿದ್ದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

ಅವಳು ನಿಶ್ಚಯಿಸಿದಳು. ಇವರು ಹೇಳದಿದ್ದರೆ ಬೇಡ, ನಾನೇ ಹೇಳುತ್ತೇನೆ. ಇಲ್ಲೇ ನಿಂತಿರುತ್ತೇನೆ, ಕೆಂಪು ದೀಪ ಹತ್ತಲಿ, ಮೇಷ್ಟ್ರ ಕೋಟಿನ ಮೈಕಿಗೆ ಬಾಯಿಟ್ಟು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ, ಜೈಲಿಗೆ ಹಾಕಿದರೆ ಹಾಕಲಿ.

ಇಲ್ಲಿ ಏನಾಯಿತು ಅಂತ ಹೇಳುವಾಗ ನನಗೇ ಹೊಟ್ಟೆ ಉರಿಯುತ್ತದೆ. ಸ್ಟುಡಿಯೋದ ಮೇಕಪ್ಪಿನವರಿಗೆ ಮೊದಲು ಕಲಿಸುವ ವಿದ್ಯೆ ಮುಖಕ್ಕೆ ಬಣ್ಣ ಹಚ್ಚುವುದಲ್ಲ, ಫ್ರೇಮಿನಿಂದ ಜಾಗ ಖಾಲಿ ಮಾಡುವುದು. ಎಣಿಕೆ ಶುರುವಾಯಿತೋ, ಹಿಂದೆ ನೋಡದೆ, ವೈರು ತುಳಿಯದೆ, ಹಿಂಬದಿಗೆ ನಡೆದು ಕತ್ತಲು ಸೇರಬೇಕು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಪೌಡರಕ್ಕನ ಸೀರೆಯ ಸೆರಗು ಕೂಡ ತೆರೆಯ ಮೇಲೆ ಕಂಡಿರಲಿಲ್ಲ. ಅದು ಅವಳ ಹೆಮ್ಮೆ. ಕ್ಯಾಮೆರಾದ ಕಡೆಯಿಂದ "ಐದು, ನಾಲ್ಕು" ಅಂತ ಕೂಗಿದ್ದು ಕೇಳಿಸಿತು. ಮನಸ್ಸು ನಿಲ್ಲು ಅಂದಿತು. ಕಾಲು ಯಾರ ಮಾತೂ ಕೇಳದೆ ಹಿಂದೆ ಹಿಂದೆ ಸರಿಯಿತು. ಕೆಂಪು ದೀಪ ಹತ್ತಿದಾಗ ಅವಳು ದಿನಾ ನಿಲ್ಲುವ ಜಾಗದಲ್ಲೇ ನಿಂತಿದ್ದಳು, ಕ್ಯಾಮೆರಾದ ಹಿಂದೆ.

"ಇದಾರೆ" ಅಂತ ಕೂಗಿದಳು. "ಅಲ್ಲಿ ನಮ್ಮವರು ಇದಾರೆ. ಬದುಕಿದಾರೆ. ಬಾಂಬ್ ಹಾಕಬೇಡಿ."

ಕೋಟಿಗೆ ಸಿಕ್ಕಿಸಿದ ಮೈಕು ದೂರದ ದನಿ ಹಿಡಿಯುವುದಿಲ್ಲ. ಯಾರೋ ಹಿಂದಿನಿಂದ ಬಂದು ಬಾಯಿ ಮುಚ್ಚಿ, "ಪೌಡರಕ್ಕಾ, ಲೈವ್ ಹೋಗ್ತಿದೆ" ಅಂದರು. ನಿರೂಪಕ ಸಣ್ಣಗೆ ನಕ್ಕು, "ಸ್ಟುಡಿಯೋದಲ್ಲಿ ಸ್ವಲ್ಪ ಗದ್ದಲ, ಕ್ಷಮಿಸಿ" ಅಂದ. ಆಮೇಲೆ ಇಬ್ಬರ ಕಡೆಗೂ ತಿರುಗಿದ. "ಗೆಲುವು ಸೋಲಿನ ವಿಷಯದಲ್ಲಿ ನೀವು ಒಪ್ಪೋದಿಲ್ಲ, ಸರಿ. ಇದೊಂದನ್ನಾದರೂ ಒಪ್ತೀರಾ? ಆಚೆ ದಡದಲ್ಲಿ ಈಗ ನಮ್ಮವರು ಯಾರೂ ಇಲ್ಲ?"

"ಖಂಡಿತ" ಅಂದ ಬೆವರಪ್ಪ. ಅವನ ಹಣೆಯ ಮೇಲೆ ಒಂದು ಹನಿಯೂ ಇರಲಿಲ್ಲ, ಅಷ್ಟು ಚೆನ್ನಾಗಿ ಒರೆಸಿದ್ದಳು.

ಮೇಷ್ಟ್ರು ಒಂದು ಗುಟುಕು ನೀರು ಕುಡಿದರು. "ದುಃಖದಿಂದ ಹೇಳ್ತೀನಿ. ಇಲ್ಲ. ಇನ್ನಾದರೂ ತಡ ಮಾಡಬೇಡಿ."

ಯುದ್ಧ ಶುರುವಾದ ಮೇಲೆ ಅವರಿಬ್ಬರ ಮಾತು ಕೂಡಿದ್ದು ಅದೇ ಮೊದಲು. ಮರುಕ್ಷಣವೇ ಅದು ತೆರೆಯ ಕೆಳಗೆ ದಪ್ಪ ಅಕ್ಷರದಲ್ಲಿ ಓಡತೊಡಗಿತು.

ಅವಳನ್ನು ಮೆತ್ತಗೆ ಹೊರಗೆ ಕೂರಿಸಿದರು, ನೀರು ಕೊಟ್ಟರು. ಸುದ್ದಿ ವಿಭಾಗದ ಮುಖ್ಯಸ್ಥರ ಬಳಿ ಓಡಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಆಧಾರ ಏನಿದೆ?" ಅಂದರು. ಆಧಾರ ಅವರ ಸ್ಟುಡಿಯೋದಲ್ಲೇ ಕೂತು ಮೈಕು ಬಿಚ್ಚಿಸಿಕೊಳ್ಳುತ್ತಿತ್ತು. ಸಹಾಯವಾಣಿಗೆ ಮತ್ತೆ ಮತ್ತೆ ಕರೆ ಮಾಡಿದಳು, ಅದೇ ಹೆಣ್ಣು ದನಿ, ಅದೇ ಸಂಗೀತ. ಆ ಸಂಗೀತಕ್ಕೇ, "ಇದಾನಮ್ಮಾ, ನನ್ನ ತಮ್ಮ ಇದಾನೆ, ಯಾರಿಗಾದ್ರೂ ಹೇಳು ತಾಯೀ" ಅಂತ ಬೇಡಿಕೊಂಡಳು. ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದಳು. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಮನೆ ಬಾಗಿಲು ತೆರೆದೇ ಇತ್ತು. ಅಮ್ಮ ಚರ್ಚೆ ನೋಡುವವಳಲ್ಲ, ಕಚ್ಚಾಡೋದು ನೋಡೋಕೆ ದುಡ್ಡು ಕೊಟ್ಟು ಟಿ.ವಿ. ಯಾಕೆ ಅನ್ನುವವಳು. ಈಗ ಮಾತ್ರ ತೆರೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಮುಖ ಅರಳಿತ್ತು.

"ಬಾ ಬಾ, ಬೇಗ ಬಾ, ಶುರು ಮಾಡಿದಾರೆ" ಅಂದಳು.

ತೆರೆಯ ಮೇಲೆ ಕತ್ತಲು ಕವಿಯುತ್ತಿದ್ದ ನದಿ, ಮುರಿದ ಸೇತುವೆ. ಆಚೆ ದಡದ ಚಾವಣಿಗಳ ಮೇಲೆ ಹೊಗೆ ಎದ್ದಿತ್ತು.

"ಹಾಕ್ಲಿ, ಚೆನ್ನಾಗಿ ಹಾಕ್ಲಿ. ನನ್ನ ಮಗನನ್ನ ಎಷ್ಟು ಗೋಳು ಹೊಯ್ಕೊಂಡ್ರು ಇವರು" ಅಂದಳು ಅಮ್ಮ. "ಪುಣ್ಯಕ್ಕೆ ನಮ್ಮವರು ಯಾರೂ ಇಲ್ವಲ್ಲ ಅಲ್ಲಿ. ನೀನು ಕೇಳಿ ಹೇಳದೆ ಇದ್ದಿದ್ರೆ ಇದನ್ನ ನೋಡಿ ನನ್ನ ಪ್ರಾಣವೇ ಹೋಗಿರೋದು ಕಣೇ."

ಪೌಡರಕ್ಕ ಬಾಯಿ ತೆರೆದಳು. ಆ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ ಮುಖ. ಬಾಯಿ ಮುಚ್ಚಿಕೊಂಡಳು.

ಅಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಇವಳು ಕೂತಳು. ತೆರೆಯ ಮೇಲೆ ಹೊಗೆ ಎದ್ದಾಗಲೆಲ್ಲ ಅಮ್ಮ ಮಗಳ ಮೊಣಕಾಲು ತಟ್ಟಿ, "ಬಿತ್ತು ನೋಡು, ಇನ್ನೊಂದು ಬಿತ್ತು" ಅನ್ನುತ್ತಿದ್ದಳು.