ಮಾನಿಟರಿನೊಳಗಿನ ದಡಿ

ಧೂಳು ಕಾದಾಗ ಬರುವ ವಾಸನೆಗೆ ಕನ್ನಡದಲ್ಲಿ ಒಂದು ಹೆಸರಿದ್ದರೆ ನೀವೇ ಹೇಳಬೇಕು. ಅಟ್ಟದಿಂದ ಇಳಿಸಿದ ಹಳೆಯ ಮಾನಿಟರಿಗೆ ಕರೆಂಟು ಕೊಟ್ಟದ್ದೇ ತಡ, ಬನಹಟ್ಟಿಯ ನಮ್ಮ ಪಡಸಾಲೆಯ ತುಂಬ ಅದೇ ವಾಸನೆ. ನನ್ನ ಮಾರಾಟದ ಜಾಹೀರಾತು ನೋಡಿ ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದಿದ್ದ ಇಬ್ಬರು ಗೆಳೆಯರು ಅದನ್ನು ಅತ್ತರಿನ ಹಾಗೆ ಮೂಸಿದರು. ಹಳೆಯ ಕಂಪ್ಯೂಟರುಗಳನ್ನು ಕೂಡಿಹಾಕುವುದು ಅವರ ಹುಚ್ಚು. ಜಾಹೀರಾತಿನಲ್ಲಿ ನಾನು ‘ಹೆಣ್ಣುಮಗಳೊಬ್ಬರೇ ಬಳಸಿದ್ದು’ ಎಂದು ಸ್ಕೂಟರ್ ಮಾರುವವರ ಧಾಟಿಯಲ್ಲಿ ಬರೆದಿದ್ದೆ. ನಮ್ಮ ಮನೆಯ ಮಟ್ಟಿಗೆ ಸುಳ್ಳೇನಲ್ಲ.

ಆ ಹೆಣ್ಣುಮಗಳು ನಮ್ಮ ವೈನಿ, ಅಣ್ಣನ ಹೆಂಡತಿ. ತೊಂಬತ್ತರ ದಶಕದ ಕೊನೆಯಲ್ಲಿ ಸಮೀರವಾಡಿ ಕಡೆಯ ಕಬ್ಬಿನ ಸೀಮೆಯಿಂದ ಮದುವೆಯಾಗಿ ಬಂದವರು. ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿತಿದ್ದರು. ನಮ್ಮದು ಸೀರೆ ನೇಯುವ ಮನೆ. ಹಸಿರು ಅಕ್ಷರದ ಈ ಮಾನಿಟರಿದ್ದ ಕಂಪ್ಯೂಟರನ್ನು ಅಣ್ಣ ಯಾವುದೋ ಆಫೀಸಿನಿಂದ ಹಳೆಯದಾಗಿಯೇ ತಂದ. ವೈನಿ ಅದರಲ್ಲಿ ಸೀರೆಯ ದಡಿಗಳನ್ನು, ಅಂದರೆ ಅಂಚಿನ ಚಿತ್ತಾರಗಳನ್ನು, ಬಿಡಿಸತೊಡಗಿದರು. ಮೊದಲನೆಯದೇ ಕಬ್ಬಿನ ಗರಿಯ ದಡಿ.

ಅಪ್ಪ ಕನ್ನಡಕ ಏರಿಸಿ ನೋಡಿದರು. “ಕಬ್ಬು ಹೊಲದಾಗ ಇರ್ಲಿ. ಮೈಮ್ಯಾಲೆ ಯಾಕ?”

ವೈನಿ ಎದುರಾಡಲಿಲ್ಲ. ಅಪ್ಪ ಹೇಳಿದ ನವಿಲು, ರುದ್ರಾಕ್ಷಿಗಳನ್ನೆಲ್ಲ ಬಿಡಿಸಿಕೊಟ್ಟರು. ಕೆಲಸ ಮುಗಿದ ಮೇಲೆ ಮಾತ್ರ ಕಬ್ಬಿನ ಗರಿಯನ್ನು ಪರದೆಗೆ ತಂದಿಟ್ಟು ಅಡುಗೆಮನೆಗೆ ಹೋಗುವರು. ಅಪ್ಪ ಊಟಕ್ಕೆ ಬಂದಾಗಲೂ ಅದೇ, ಚಹಾಕ್ಕೆ ಬಂದಾಗಲೂ ಅದೇ. ಅವರು ಅತ್ತ ನೋಡದೆ ದಾಟುವುದನ್ನು ರೂಢಿಸಿಕೊಂಡರು. ವರ್ಷಗಟ್ಟಲೆ ನಡೆದ ಈ ಜಗಳದಲ್ಲಿ ಇಬ್ಬರಲ್ಲೊಬ್ಬರೂ ಒಂದು ಮಾತಾಡಿದ್ದನ್ನು ನಾನು ಕೇಳಲಿಲ್ಲ. ಕೊನೆಗೆ ಕಂಪ್ಯೂಟರ್ ಕೆಟ್ಟಿತು, ಮಾನಿಟರ್ ಅಟ್ಟ ಸೇರಿತು. ಆ ದಡಿ ಮಗ್ಗಕ್ಕೆ ಏರಲೇ ಇಲ್ಲ.

ಈಗ ಪರದೆ ನಿಧಾನವಾಗಿ ಬೆಳಗಿತು. ಗೆಳೆಯರಲ್ಲಿ ಎತ್ತರದವನು ಬಾಗಿ ನೋಡಿ, “ಕಲಿ ಬಿದ್ದೈತಲ್ರೀ,” ಎಂದ. ಒಂದೇ ಚಿತ್ರ ಬಹಳ ಕಾಲ ನಿಂತರೆ ಗಾಜಿನೊಳಗೆ ಕಲೆಯಾಗಿ ಅಚ್ಚೊತ್ತಿಬಿಡುತ್ತದಂತೆ. ನಾನೂ ಬಗ್ಗಿದೆ. ಹಸಿರು ಬೆಳಕಿನಲ್ಲಿ ಸಾಲುಸಾಲು ಮಸುಕು ಗರಿಗಳು.

ಮೂಲೆಯ ಮಂಚದಿಂದ ಅಪ್ಪ ಎದ್ದು ಬಂದರು. ಗೋಡೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

“ಕಲಿ ಅಲ್ರೀ ಅದು,” ಎಂದರು. “ನಮ್ಮ ಸೊಸಿ ತಗದ ದಡಿ.”

ಬಾಗಿಲಲ್ಲಿದ್ದ ವೈನಿ ಸೆರಗು ಸರಿಮಾಡಿಕೊಂಡರು. ಇನ್ನು ವ್ಯಾಪಾರ ಮುರಿಯಿತೆಂದು ನಾನು ಗೆಳೆಯರಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಹೊಂದಿಸತೊಡಗಿದೆ. ನಮ್ಮ ಮನೆಯಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುವ ಕೆಲಸ ನನ್ನ ಪಾಲಿನದು.

“ಒಯ್ರಿ, ಒಯ್ರಿ,” ಎಂದರು ವೈನಿ. “ಅಟ್ಟಾದ್ರೂ ಖಾಲಿ ಆಗ್ಲಿ. ಅದು ನನ್ನ ತಲ್ಯಾಗ ಐತಿ.”

ಗೆಳೆಯರು ಅದನ್ನು ಕಲೆಯ ಸಮೇತ ಚಾದರದಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಹೋದರು. ಕಾರು ಓಣಿಯ ತಿರುವು ದಾಟುವವರೆಗೆ ಅಪ್ಪ ಗೋಡೆ ಹಿಡಿದೇ ನಿಂತಿದ್ದರು. ಆಮೇಲೆ ಯಾರ ಮುಖವನ್ನೂ ನೋಡದೆ ವೈನಿಯನ್ನು ಕೇಳಿದರು:

“ಆ ದಡಿಗೆ ಸೀರಿ ಒಡಲು ಯಾವ ಬಣ್ಣದ್ದು ಇಡೂಣವಾ?”

ವೈನಿ ಅಂದರು:

“ಹಸರೊಂದ ಬ್ಯಾಡ್ರಿ ಮಾವಾರ. ನೋಡಿ ನೋಡಿ ಸಾಕಾಗೇತಿ.”