ಅಪ್ಪನ ಪೆನ್ನಿಗೆ ಮಾಡಿದ ಪೆಟ್ಟಿಗೆ

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಮೇಷ್ಟ್ರಾಗಿದ್ದೆ. ಹಳೆಯ ಇಂಕ್ ಪೆನ್ನುಗಳನ್ನು ಕೂಡಿಡುವ ಹುಚ್ಚು ನನಗೆ. ನಾಗಮಂಗಲ, ಮೇಲುಕೋಟೆ ಎಂದು ಅಲೆದು ತಂದ ಪೆನ್ನುಗಳಿಗೆ ರಜೆಯಲ್ಲಿ ನಾನೇ ಮರದ ಪೆಟ್ಟಿಗೆ ಮಾಡುತ್ತಿದ್ದೆ. ಆದರೆ ನಿಜವಾಗಿ ನನಗೆ ಬೇಕಿದ್ದದ್ದು ಅಪ್ಪ ಬರೆಯುತ್ತಿದ್ದ ಹಸಿರು ಪೆನ್ನು. ಮನೆ ಪಾಲಾದಾಗ ಅದು ಅರಕೆರೆಯಲ್ಲಿದ್ದ ಅಣ್ಣನ ಬಳಿಯೇ ಉಳಿಯಿತು. ಕೇಳಿದರೆ, "ಅಪ್ಪನ ಗುರುತು ಕಣ್ಲಾ, ಕೊಡಾಕಿಲ್ಲ" ಎಂದ.

ಅವನ ಹತ್ತಿರವಾದರೂ ಜೋಪಾನವಾಗಿರಲಿ ಎಂದು ಬೀಟೆ ಮರದಲ್ಲಿ ಪೆಟ್ಟಿಗೆ ಮಾಡಿ, ಒಳಗೆ ಮಖಮಲ್ಲು ಅಂಟಿಸಿ ಕೊಟ್ಟುಬಂದೆ. ಅಷ್ಟು ಚೆಂದದ್ದನ್ನು ನಾನು ಮತ್ತೆ ಮಾಡಲಿಲ್ಲ.

ಮುಂದಿನ ಯುಗಾದಿಗೆ ಹೋದಾಗ, ಪೆನ್ನು ತೋರಿಸು ಎಂದೆ. ಅಣ್ಣ ನಕ್ಕ.

"ಹೊಸ ಅಳಿಯಂಗೆ ಕೊಟ್ಬುಟ್ಟೆ. ಬರೀ ಪೆನ್ನಾಗಿದ್ರೆ ಕೊಡ್ತಿರ್ಲಿಲ್ಲ. ನಿನ್ನ ಪೆಟ್ಟಿಗೇಲಿ ಮಡಗಿದ್ಮೇಲೆ ಒಳ್ಳೆ ಉಡುಗೊರೆ ಇದ್ದಂಗೆ ಕಾಣ್ತಿತ್ತು."

ಹಬ್ಬಕ್ಕೆ ಬಂದಿದ್ದ ಆ ಅಳಿಯ ನನ್ನ ಪಕ್ಕದಲ್ಲೇ ಊಟಕ್ಕೆ ಕೂತ. ಪೆನ್ನು ಚೆನ್ನಾಗಿ ಬರೆಯುತ್ತದೆಯೇ ಎಂದು ಕೇಳಿದೆ.

"ಇಂಕು ಸೋರ್ತಿತ್ತು ಚಿಕ್ಕಮಾವ, ಎಸೆದ್ಬುಟ್ಟೆ. ಪೆಟ್ಟಿಗೆ ಮಾತ್ರ ಸೂಪರ್, ವಾಚು ಇಟ್ಕೊಂಡಿದೀನಿ. ನಮ್ಮ ಸಾಹೇಬ್ರಿಗೂ ಅಂಥದ್ದೊಂದು ಮಾಡ್ಕೊಡಿ."

ಅಣ್ಣ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಮಾಡ್ಕೊಡ್ತಾನೆ ಬುಡಿ, ಅವನಿಗಿನ್ನೇನು ಕೆಲಸ" ಎಂದ.

ನಾನು ಎಲೆ ಮಡಚಿ ಎದ್ದೆ. ಊಟ ಸೇರಲಿಲ್ಲವೇ ಎಂದು ಅತ್ತಿಗೆ ಕೇಳಿದರು. ಸೇರಿತು ಎಂದು ಹೇಳಿ, ಸಿಕ್ಕಿದ ಬಸ್ಸು ಹತ್ತಿದೆ.

ಅಣ್ಣನ ಜೊತೆ ನಾನು ಮಾತು ಬಿಟ್ಟಿಲ್ಲ. ಮದುವೆ, ತಿಥಿಗಳಲ್ಲಿ ಸಿಕ್ಕಿದರೆ ಮಳೆ ಬೆಳೆ ವಿಚಾರಿಸುತ್ತೇನೆ. ಅವನ ಮನೆಯಲ್ಲಿ ಮಾತ್ರ ಮತ್ತೆ ಉಂಡಿಲ್ಲ. ಯಾಕೆಂದು ಅವನು ಇವತ್ತಿಗೂ ಕೇಳಿಲ್ಲ.