ಅಕ್ಕನ ಮಾತಿಗೆ ಹೋದ ಮೂಗು

ಡೈರಿಗೆ ಎಂಥೆಂಥ ಯಂತ್ರ ಬಂದರೂ, ಹಾಲಿನ ಕ್ಯಾನುಗಳು ಬಂದಿಳಿಯುವ ಕಟ್ಟೆಯ ಮೇಲೆ ಒಂದು ಮನುಷ್ಯನ ಮೂಗು ಬೇಕೇ ಬೇಕು. ಮುಚ್ಚಳ ತೆಗೆದ ಕೂಡಲೇ ಅದರ ಒಳಬದಿಯನ್ನು ಮೂಸಬೇಕು. ಕ್ಯಾನಿನ ವಾಸನೆಯೆಲ್ಲ ಅಲ್ಲಿ ಕೂತಿರುತ್ತದೆ. ಹುಳಿಯೋ, ಸೀಮೆಎಣ್ಣೆ ತಾಗಿದೆಯೋ, ಕೊಟ್ಟಿಗೆ ನಾತವೋ, ಎರಡು ಉಸಿರಿನೊಳಗೆ ಹೇಳಬೇಕು. ಹಿಂದೆ ಇನ್ನೂರು ಕ್ಯಾನು ಕಾಯುತ್ತಿರುತ್ತವೆ.

ಈ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳು ಗಿಣಿಯಮ್ಮ. ಮೂಗು ನಡುವೆ ಗೂನೆದ್ದು ತುದಿಯಲ್ಲಿ ಬಾಗಿತ್ತು, ಅದಕ್ಕೇ ಲಾರಿಯವರು ಇಟ್ಟ ಹೆಸರು. ಅವಳಿಗೆ ಬೇಜಾರಿರಲಿಲ್ಲ. "ಗಿಣಿ ಕುಕ್ಕಿದ್ರೆ ನಿನ್ನ ಕ್ಯಾನು ವಾಪಸ್ಸು ನೋಡು" ಎಂದು ಅವರನ್ನೇ ಹೆದರಿಸುತ್ತಿದ್ದಳು. ಕೂಲಿ ಹೆಚ್ಚಿಸಿ ಎಂದು ಡೈರಿಯ ಕೆಲಸದವರು ನಾವೆಲ್ಲ ಹನ್ನೊಂದು ದಿನ ಗೇಟಿನ ಮುಂದೆ ಕೂತಾಗ ಮ್ಯಾನೇಜರು ಒಳಗೆ ಬಾ ಎಂದು ಕೈಮುಗಿದದ್ದು ಇವಳೊಬ್ಬಳಿಗೆ. ಹೋಗಲಿಲ್ಲ.

ಹೋದ ವರ್ಷ ಎಡಹೊಳ್ಳೆ ಕಟ್ಟಿಕೊಳ್ಳತೊಡಗಿತು. ಒಳಗಿನ ಗೋಡೆ ವಾಲಿದೆ, ಕೊಯ್ದು ನೆಟ್ಟಗೆ ಮಾಡಬೇಕು ಎಂದರು ಡಾಕ್ಟರು. ಅಕ್ಕ ಜೊತೆಗೆ ಬಂದಳು. ತಾಯಿಯಿಲ್ಲದ ಮನೆಯಲ್ಲಿ ಇವಳ ತಲೆ ಬಾಚಿ ಶಾಲೆಗೆ ಕಳಿಸಿದವಳು ಆ ಅಕ್ಕನೇ. ಆಪರೇಷನ್ನಿಗೆ ಮುಂಚೆ ಫಾರಂ ಬಂದಾಗ ಗಿಣಿಯಮ್ಮನ ಕನ್ನಡಕ ಆಗಲೇ ಚೀಲ ಸೇರಿತ್ತು.

"ಎಲ್ಲ ಓದಿದೀನಿ ಕಣೇ, ಹಾಕು ಸೈನು" ಎಂದಳು ಅಕ್ಕ.

ಹಾಕಿದಳು.

ಪಟ್ಟಿ ಬಿಚ್ಚಿದಾಗ ಕನ್ನಡಿಯಲ್ಲಿದ್ದದ್ದು ಇನ್ಯಾರದೋ ಮೂಗು. ಗೂನು ಮಾಯ, ತುದಿ ಚಿವುಟಿ ನಿಲ್ಲಿಸಿದ ಹಾಗೆ. ಬಾವು ಇಳಿದರೆ ಸರಿಹೋಗುತ್ತದೆ ಎಂದರು. ಬಾವು ಇಳಿಯಿತು, ಮೂಗು ಹಾಗೇ ಉಳಿಯಿತು. ಉಸಿರೆಳೆದರೆ ಸಣ್ಣಗೆ ಸಿಳ್ಳೆ. ಅದಕ್ಕಿಂತ ಕೆಟ್ಟದ್ದು ಕಟ್ಟೆಯ ಮೇಲೆ ಗೊತ್ತಾಯಿತು: ಮುಚ್ಚಳಕ್ಕೆ ಮೂಗು ತಾಗಿಸಿದರೂ ವಾಸನೆ ಅರ್ಧಂಬರ್ಧ. ಅವಳು ಯಾರಿಗೂ ಹೇಳಲಿಲ್ಲ. ತಪ್ಪು ಅವಳದೇ, ನಮ್ಮವಳೆಂದು ಅದನ್ನು ಮುಚ್ಚಿಡುವುದಿಲ್ಲ. ಅಂದಾಜಿನ ಮೇಲೆ ಹೂಂ, ಉಹೂಂ ಅನ್ನುತ್ತ ನಾಲ್ಕು ತಿಂಗಳು ದೂಡಿದಳು.

ಒಂದು ಬೆಳಿಗ್ಗೆ ಇಡೀ ಟ್ಯಾಂಕಿನ ಹಾಲು ಒಡೆಯಿತು. ಕ್ಯಾನು ಸುರಿಯುವವನನ್ನು ನಿಲ್ಲಿಸಿ ಕೇಳಿದರು.

"ಹುಳಿ ವಾಸನೆ ನಂಗೂ ಬಂತು ಸಾರ್," ಎಂದ ಆತ. "ಆದ್ರೆ ಗಿಣಿಯಮ್ಮ ಹೂಂ ಅಂದಿದ್ರು. ನನ್ನ ಮೂಗೇ ಕೆಟ್ಟಿರ್ಬೇಕು ಅಂತ ಸುರಿದುಬಿಟ್ಟೆ."

ಅಷ್ಟು ನಂಬಿಕೆ ಅವಳ ಮೇಲೆ. ಯಾರೂ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಮರುದಿನದಿಂದ ಅವಳಿಗೆ ಕ್ಯಾನು ತೊಳೆಯುವ ಕೆಲಸ. ವಾಸನೆ ಮತ್ತೆ ಸರಿಯಾಗಿ ಹತ್ತುವವರೆಗೆ ಕಟ್ಟೆ ಏರುವಂತಿಲ್ಲ.

ಇನ್ನೊಬ್ಬ ಡಾಕ್ಟರ ಬಳಿ ಹಳೆಯ ಫೈಲು ಹಿಡಿದು ಒಬ್ಬಳೇ ಹೋದಳು. ಆತ ಪುಟ ತಿರುವುತ್ತ ಕೇಳಿದರು, "ಗೂನು ನೀವೇ ತೆಗೆಸಿದ್ದಲ್ವಾ?"

"ನಾನ್ಯಾಕೆ ತೆಗೆಸ್ಲಿ?"

"ಇಲ್ಲಿ ಬರೆದಿದೆಯಲ್ಲಮ್ಮ. ಅಕ್ಕನವರ ಕೋರಿಕೆಯಂತೆ ಹೊರ ಆಕಾರವನ್ನೂ ತಿದ್ದಲಾಗಿದೆ ಅಂತ. ಕೆಳಗೆ ನಿಮ್ಮ ಸೈನೂ ಇದೆ."

ಆಸ್ಪತ್ರೆಯಿಂದ ನೇರ ಅಕ್ಕನ ಮನೆಗೆ ನಡೆದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಡಾಕ್ಟರಿಗೆ ಏನಂದೆ?"

"ಹೆಂಗೂ ಕೊಯ್ತೀರಲ್ಲ, ಮೇಲೂ ಸ್ವಲ್ಪ ನೀಟು ಮಾಡಿ ಅಂದೆ. ಒಳ್ಳೇದಕ್ಕೇ ಅಂದಿದ್ದು."

"ಯಾರ ಒಳ್ಳೇದಕ್ಕೆ?"

ಅಕ್ಕ ತಲೆಯೆತ್ತಿದಳು. ಅವಳದೂ ಅದೇ ಮೂಗು, ಅಪ್ಪನಿಂದ ಇಬ್ಬರಿಗೂ ಇಳಿದು ಬಂದದ್ದು. ಅದೇ ಗೂನು, ಅದೇ ಬಾಗು. ಅವಳು ಕೌಂಟರಿನ ಹಿಂದೆ ನಿಂತು ಬಟ್ಟೆ ಮಾರುವವಳು, ದಿನಾ ನೂರು ಜನರಿಗೆ ಮುಖ ತೋರಿಸಬೇಕಾದವಳು.

"ನಿಂದು ಹೆಂಗೆ ಬರುತ್ತೋ ನೋಡ್ಕೊಂಡು ಆಮೇಲೆ ನಂದೂ ಮಾಡಿಸೋಣ ಅಂತಿದ್ದೆ" ಎಂದಳು ಕೊನೆಗೆ.

"ಈಗ ಮಾಡಿಸ್ತೀಯಾ?"

"ಅಯ್ಯೋ, ಬೇಡಪ್ಪಾ."

ಗಿಣಿಯಮ್ಮನಿಗೆ ನಗು ಬಂತಂತೆ. ನಕ್ಕಾಗ ಮೂಗು ಸಿಳ್ಳೆ ಹೊಡೆಯಿತು, ಅಲ್ಲಿಗೆ ನಗು ನಿಂತಿತು. "ಅಂಗಡೀಲಿ ಸೀರೆ ಸೆರಗು ಹೆಗಲ ಮೇಲೆ ಹಾಕಿ ನೋಡ್ತಾರಲ್ಲ, ಹಂಗೆ ನೀನು ನನ್ನ ಮುಖದ ಮೇಲೆ ಹಾಕಿ ನೋಡಿದೆ. ಇನ್ನು ಆಸ್ಪತ್ರೆ ಕಡೆ ಬರ್ಬೇಡ" ಎಂದು ಹೇಳಿ ಎದ್ದು ಬಂದಳು.

ಎರಡನೇ ಆಪರೇಷನ್ನಿಗೆ ಮೊದಲನೆಯದು ಆಗಿ ಒಂದು ವರ್ಷವಾದರೂ ಕಳೆಯಬೇಕಂತೆ. ಕಿವಿಯ ಹಿಂದಿನ ಎಳೆ ಮೂಳೆ ತೆಗೆದು ಹೊಳ್ಳೆಗೆ ಆನಿಕೆ ಕೊಡುತ್ತಾರೆ. ಉಸಿರು ಸಲೀಸಾಗಬಹುದು, ವಾಸನೆಯ ಮಾತು ಕೊಡಲಾರೆ ಎಂದರು ಹೊಸ ಡಾಕ್ಟರು. ಕೊಯ್ಯಿಸಿಕೊಳ್ಳದಿದ್ದರೆ ನಿವೃತ್ತಿಯವರೆಗೂ ಬಿಸಿನೀರಿನ ಹಬೆಯಲ್ಲಿ ಕ್ಯಾನು ಉಜ್ಜುವುದು. ಕೊಯ್ಯಿಸಿಕೊಂಡರೆ ಮತ್ತೆ ಇನ್ನೊಬ್ಬರ ಕೈಯಲ್ಲಿ ಕಣ್ಣು ಮುಚ್ಚಿ ಮಲಗುವುದು. ಚಾಕುವಿಗೆ ಅವಳು ಅಂಜಿದವಳಲ್ಲ. ಮಲಗುವುದೇ ಆಗದ ಮಾತಾಗಿತ್ತು.

ಎರಡು ತಿಂಗಳು ಯೋಚಿಸಿ ಕೊನೆಗೆ ಆ ಹೊಸ ಡಾಕ್ಟರ ಮುಂದೆ ಹೋಗಿ ಕೂತಳು. ಕನ್ನಡಕ ಹಾಕಿಕೊಂಡು ಫಾರಂನ ಸಾಲು ಸಾಲನ್ನೂ ಗಟ್ಟಿಯಾಗಿ ಓದಿದಳು, ಹೊರಗೆ ಕಾಯುವವರಿಗೂ ಕೇಳುವಂತೆ.

"ಏನೇನು ಮಾಡ್ತೀರಿ ಅಂತ ಬರೆದಿದೀರಿ. ಏನೇನು ಮುಟ್ಟಲ್ಲ ಅನ್ನೋದು ಎಲ್ಲಿದೆ?"

"ಅಂಥ ಫಾರಂ ನಮ್ಮಲ್ಲಿಲ್ಲಮ್ಮ."

"ಮಾಡಿಸಿ. ವರ್ಷ ತುಂಬೋಕೆ ಇನ್ನೂ ಮೂರು ತಿಂಗಳಿದೆಯಲ್ಲ."

ಸಂಬಂಧಿಕರ ಸಹಿಯ ಜಾಗದಲ್ಲಿ ಪೆನ್ನಿನಿಂದ ಅಡ್ಡಗೆರೆ ಎಳೆದು, ತನ್ನ ಸೈನು ಹಾಕದೆ ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದಳು.